ಕೂರಿಸಲಿಲ್ಲ, ನಿಲ್ಲಿಸಲಿಲ್ಲ: ನನ್ನ ಡೇ ಕೇರ್ ಅನುಭವ

"ಮಗೂಗೆ ಏಳು ತಿಂಗಳಾಯ್ತು, ಕೂರಿಸೋದೂ ಇಲ್ವಾ? ಮತ್ತೆ ದುಡ್ಡು ಯಾಕಮ್ಮ ತಗೋತೀರಾ?" ಗೇಟಿನಲ್ಲೇ ಒಬ್ಬ ಅಜ್ಜಿ ಕೇಳಿದ್ದರು. ಈಗ ಅವರ ಎರಡನೇ ಮೊಮ್ಮಗನೂ ನನ್ನ ಹತ್ತಿರವೇ ಬರುತ್ತಾನೆ.

ಮೈಸೂರಿನಲ್ಲಿ ನಮ್ಮ ಮನೆಯ ಕೆಳಗಡೆಯೇ ಡೇ ಕೇರ್. ಆಗ ಆರು ತಿಂಗಳಿಂದ ಮೂರು ವರ್ಷದೊಳಗಿನ ಹನ್ನೊಂದು ಮಕ್ಕಳಿದ್ದರು. ಶುರುವಿನಲ್ಲಿ ಎಲ್ಲರಂತೆ ಮಾಂಟೆಸ್ಸರಿ ಬೋರ್ಡ್ ಹಾಕಿಸಿದೆ. ನಾನು ತರಬೇತಿ ಪಡೆದದ್ದು ಮೂರರಿಂದ ಆರು ವರ್ಷದವರಿಗೆ ಕಲಿಸೋಕೆ. ಆ ಸಾಮಾನನ್ನೇ ಸುಮಾರು 45 ಸಾವಿರಕ್ಕೆ ತಂದೆ. ಎರಡನೇ ವಾರ, ಒಂದರ ಮೇಲೊಂದು ಜೋಡಿಸುವ ಗುಲಾಬಿ ಘನಗಳ ಪಿಂಕ್ ಟವರಿನ ಒಂದು ಸೆಂಟಿಮೀಟರ್ ತುಂಡು ಒಂದು ಮಗುವಿನ ಬಾಯಲ್ಲಿತ್ತು! ಮಾಂಟೆಸ್ಸರಿಯನ್ನು ದೂರಲ್ಲ, ಬುದ್ಧಿ ಇಲ್ಲದಿದ್ದದ್ದು ನನಗೆ. ಎಲ್ಲವನ್ನೂ 18 ಸಾವಿರಕ್ಕೆ ಮಾರಿದೆ.

ಆಮೇಲೆ ಫ್ಲಾಶ್ ಕಾರ್ಡ್. ಅಪ್ಪ ಅಮ್ಮಂದಿರಿಗೆ ಬಲು ಇಷ್ಟ. ಕಾರ್ಡ್ ನೋಡಿ 'ಎಲಿಫೆಂಟ್' ಅನ್ನುತ್ತಿದ್ದ ಪುಟ್ಟಿಗೆ ತಾಲೀಮಿಗೆ ಹೊರಟ ದಸರಾ ಆನೆ ತೋರಿಸಿದರೆ 'ಬೌ ಬೌ' ಅಂದಳು.

ಬುಡಾಪೆಸ್ಟಿನಲ್ಲಿ 1946ರಲ್ಲಿ ಶಿಶುಮಂದಿರ ಶುರು ಮಾಡಿದ ಮಕ್ಕಳ ವೈದ್ಯೆ ಎಮ್ಮಿ ಪಿಕ್ಲರ್ ಅವರ ಪದ್ಧತಿ ಓದಿದ್ದೆ. ಧೈರ್ಯ ಇರಲಿಲ್ಲ, ಅಷ್ಟೇ. ಮಗು ತಾನೇ ಕೂರುವವರೆಗೆ ಕೂರಿಸಬಾರದು, ತಾನೇ ನಿಲ್ಲುವವರೆಗೆ ನಿಲ್ಲಿಸಬಾರದು. ಕೊನೆಗೆ ಧೈರ್ಯ ಮಾಡಿದೆ. ಎರಡು ವಾಕರ್ ಗುಜರಿಗೆ ಹೋದವು, ಸಿಕ್ಕಿದ್ದು 150 ರೂಪಾಯಿ. ಕೆನಡಾದಲ್ಲಿ 2004ರಿಂದ ವಾಕರ್ ಮಾರುವಂತೆಯೇ ಇಲ್ಲ ಅಂದರೂ ಯಾರೂ ನಂಬಲಿಲ್ಲ. ಮೂರು ಮಕ್ಕಳು ಬಿಟ್ಟು ಹೋದರು. ತಿಂಗಳಿಗೆ 18 ಸಾವಿರ ಖೋತಾ. ಬಾಡಿಗೆ ಇಲ್ಲದ್ದಕ್ಕೆ ಬಚಾವಾದೆ.

ಈ ಪದ್ಧತಿಯ ನಿಜವಾದ ಕೆಲಸ ಇದ್ದದ್ದು ಡೈಪರ್ ಬದಲಿಸುವ ಹೊತ್ತಿನಲ್ಲಿ. ಮೊದಲು ಎರಡು ನಿಮಿಷದಲ್ಲಿ ಮುಗಿಸುತ್ತಿದ್ದೆವು. ಈಗ ಏಳೆಂಟು ನಿಮಿಷ. "ಕಾಲು ಎತ್ತಲಾ ಕಂದಾ?" ಅಂತ ಹೇಳಿ ಕಾಯೋದು. ಸಹಾಯಕಿಗೆ ರೇಗುತ್ತಿತ್ತು. ಐದು ವಾರ ಏನೂ ಆಗಲಿಲ್ಲ. ಆರನೇ ವಾರ ಹತ್ತು ತಿಂಗಳ ಒಂದು ಮಗು ಕೇಳಿದ ಕೂಡಲೇ ತಾನೇ ಕಾಲೆತ್ತಿತು. "ಅಕ್ಕಾ, ಬನ್ನಿ ಇಲ್ಲಿ!" ಅಂತ ಅವಳೇ ಕೂಗಿದಳು. ಅಲ್ಲಿಂದ ಅಳು ಅರ್ಧಕ್ಕರ್ಧ ಇಳಿಯಿತು.

ನಡುವೆ ಇಟಲಿಯ ಶಿಶುಶಿಕ್ಷಣ ಪದ್ಧತಿ ರೆಜಿಯೊ ಎಮಿಲಿಯಾದ ಹುಚ್ಚೂ ಹಿಡಿದಿತ್ತು. ಅದರಲ್ಲಿ ಬಳಸುವ, ಒಳಗಿಂದ ಬೆಳಗುವ ದೀಪದ ಮೇಜನ್ನು 900 ರೂಪಾಯಿಗೆ ಮಾಡಿಸಿದೆ. ಮಕ್ಕಳು ಅದರ ಮೇಲೆ ಹತ್ತಿ ಕೂತರು. ಅಡುಗೆಮನೆಯ ಸೌಟು, ಜರಡಿ, ಲೋಟ ತುಂಬಿಟ್ಟ ಬುಟ್ಟಿ ಮಾತ್ರ ಇವತ್ತಿಗೂ ಓಡುತ್ತಿದೆ. ಖರ್ಚು ಸೊನ್ನೆ, ಸದ್ದು ಮಾತ್ರ ವಿಪರೀತ.

ಹೊಸ ಮಗುವನ್ನು ಮೊದಲ ವಾರ ಹೇಗೆ ಒಗ್ಗಿಸುತ್ತೇನೆ ಅಂತ ಕೇಳಬೇಡಿ. ಅಮ್ಮನ ಹಳೇ ಸೀರೆ ಬೇಕು, ಇಷ್ಟು ಹೇಳಬಲ್ಲೆ. ಉಳಿದದ್ದು ನನ್ನ ಹೊಟ್ಟೆಪಾಡು.

ಈಗ ಹದಿನಾಲ್ಕು ಮಕ್ಕಳಿದ್ದಾರೆ, ಜಾಗ ಇಲ್ಲ. ಮೊದಲ ಮೊಮ್ಮಗ ತಾನಾಗಿ ಹೊಸಿಲು ದಾಟಿದ ದಿನ ಆ ಅಜ್ಜಿ ಕೊಬ್ಬರಿ ಮಿಠಾಯಿ ತಂದುಕೊಟ್ಟಿದ್ದರು. ಮನೆಯಲ್ಲಿ ಮಾತ್ರ ಎರಡನೆಯವನನ್ನೂ ದಿಂಬು ಒರಗಿಸಿ ಕೂರಿಸುತ್ತಾರಂತೆ.