ಮೂತಿಗೆ ಸೀಸ ಕಟ್ಟಿ ಉಪ್ಪಿನ ಮೇಲೆ 147

ಬಯಲಲ್ಲಿ ಕಾರು ನೆಟ್ಟಗೆ ಎಷ್ಟು ಜೋರಾಗಿ ಓಡುತ್ತೆ ಅಂತ ನೋಡುವ ಹುಚ್ಚು ನಮ್ಮದು. ಬ್ಯಾಲಸ್ಟ್, ಅಂದರೆ ಕಾರಿಗೆ ಬೇಕಂತಲೇ ಹೇರುವ ಹೆಚ್ಚುವರಿ ತೂಕ, ಯಾಕೆ ಬೇಕು ಅಂತ ಈ ಹುಚ್ಚು ಹತ್ತಿದವರಿಗೆ ಹೇಳಬೇಕಾಗಿಲ್ಲ. ಎಲ್ಲಿ ಇಡಬೇಕು ಅನ್ನುವುದರಲ್ಲೇ ಜಗಳ. 2019ರಲ್ಲಿ ತಪ್ಪು ಜಾಗದಲ್ಲಿಟ್ಟು ಕಾರನ್ನು ಬುಗುರಿ ತಿರುಗಿಸಿದವನು ನಾನೇ. 2024ರ ಸ್ಪೀಡ್ ವೀಕ್ ಅನ್ನುವ ವೇಗದ ಕೂಟದಲ್ಲಿ, ಅಮೆರಿಕದ ಯೂಟಾದ ಬಾನ್‌ವಿಲ್ ಉಪ್ಪಿನ ಬಯಲ ಮೇಲೆ ಗಂಟೆಗೆ 147 ಮೈಲಿ ನೆಟ್ಟಗೆ ಓಡಿಸಿದವನೂ ನಾನೇ. ಮಧ್ಯೆ ಐದು ವರ್ಷ, ಹೆಚ್ಚುಕಮ್ಮಿ 19 ಸಾವಿರ ಡಾಲರ್, ಒಂದು ಸುಟ್ಟ ಮೊಣಕೈ. ದಾಖಲೆ ಗೀಖಲೆ ಏನೂ ಇಲ್ಲ. ಆದರೆ ಆಗಲ್ಲ ಅಂದವರ ಮುಂದೆ ಆಯ್ತು.

ಮೊದಲ ಕಾರು 1989ರ ಫೈರ್‌ಬರ್ಡ್. ಎಲ್ಲರೂ ಅದನ್ನೇ ಓಡಿಸುತ್ತಾರೆ, ಮೂಗು ಚೂಪಾಗಿದೆ, ವಿ8 ಇದೆ, 4,500 ಡಾಲರ್‌ಗೆ ಸಿಕ್ಕಿತು. ಯೋಚನೆ ಅಷ್ಟೇ. ಕ್ಯಾಲಿಫೋರ್ನಿಯಾದ ಎಲ್ ಮಿರಾಜ್‌ನ ಒಣಕೆರೆಯಲ್ಲಿ ಮೊದಲ ಸಲ ಓಡಿಸಿದಾಗ ಹಿಂದಿನ ಚಕ್ರ ಬರೀ ಮಣ್ಣು ಕೆರೆಯಿತು. ಸರಿ, ಹಿಂದೆ ಭಾರ ಕಮ್ಮಿ ಅಂತ ಡಿಕ್ಕಿಯಲ್ಲಿ 180 ಕೆಜಿ ಉಕ್ಕಿನ ಪ್ಲೇಟು ಕೂರಿಸಿದೆ. ಆಕ್ಸಲ್‌ಗಿಂತ ಹಿಂದೆ. ಮುಂದಿನ ಓಟದಲ್ಲಿ ಹಿಡಿತ ಚೆನ್ನಾಗಿ ಬಂತು. 1.3 ಮೈಲಿಯ ದಾರಿ ಮುಗಿಯಿತು, ಗಂಟೆಗೆ 128 ಮೈಲಿ ಬಿದ್ದಿತ್ತು, ಖುಷಿಯಲ್ಲಿ ಆಕ್ಸಲರೇಟರ್‌ನಿಂದ ಕಾಲು ತೆಗೆದೆ. ಅಷ್ಟೇ. ಹಿಂಭಾಗ ನನ್ನನ್ನು ದಾಟಿ ಮುಂದೆ ಬಂತು. ಎರಡೂವರೆ ಸುತ್ತು ಅಂತ ನೋಡಿದವರು ಹೇಳಿದರು. ನನಗೆ ಕಂಡಿದ್ದು ಬರೀ ಧೂಳು.

ರಾತ್ರಿ ಊರಿಗೆ ಫೋನ್ ಮಾಡಿ ಅಪ್ಪನಿಗೆ ಹೇಳಿದೆ. ಮಂಡ್ಯದ ಕಡೆ ಕಬ್ಬಿನ ಗಾಡಿ ಹೊಡೆದವರು ಅವರು. "ಹಿಂಭಾರ ಮಾಡ್ಕೊಂಡು ಹೊಡೆದಿದ್ದೀಯಲ್ಲೋ, ಗಾಡಿ ಯಾವತ್ತೂ ಒಂಚೂರು ಮುಂಭಾರ ಇರಬೇಕು ಕಣೋ" ಅಂದರು. ಅವರು ಹೇಳಿದ್ದು ನೊಗ ಮೇಲೆದ್ದು ಎತ್ತಿನ ಕೊರಳು ಬಿಗಿಯುವ ವಿಷಯ. ನಮ್ಮದು ಗಾಳಿಯ ವಿಷಯ, ಲೆಕ್ಕ ಬೇರೆ. ಆದರೂ ಉತ್ತರ ಒಂದೇ ಆಗಿತ್ತು. ಗಾಳಿ ತಳ್ಳುವ ಜಾಗ ತೂಕದ ನಡುವಿಗಿಂತ ಹಿಂದಿರಬೇಕು, ಬಾಣದ ಗರಿ ಹಿಂದಿರುವ ಹಾಗೆ. ನಾನು ಬಾಣದ ಬಾಲಕ್ಕೆ ಕಲ್ಲು ಕಟ್ಟಿದ್ದೆ. ಹಿಂದಿನ ಚಕ್ರ ಎಳೆಯುವ ಕಾರಿಗೂ ಭಾರವನ್ನು ಆಕ್ಸಲ್‌ಗಿಂತ ಮುಂದೆ, ಎಷ್ಟು ಕೆಳಗೆ ಆಗುತ್ತೋ ಅಷ್ಟು ಕೆಳಗೆ ಇಡಬೇಕಿತ್ತು.

ಫೈರ್‌ಬರ್ಡ್ ಮಾರಿದೆ. ಕಾರು ಪಲ್ಟಿಯಾದರೆ ಕಾಯುವ ಪಂಜರದ (ಕೇಜ್) ಖರ್ಚೂ ಸೇರಿಸಿದರೆ 7 ಸಾವಿರ ಡಾಲರ್ ಹೋಯ್ತು.

ಹಾಗಾದರೆ ಎಳೆಯುವ ಚಕ್ರವೂ ಮುಂದೆ, ಭಾರವೂ ಮುಂದೆ ಇದ್ದರೆ? ಸೀಸ ಒಂದೇ, ಕೆಲಸ ಎರಡು: ಹಿಡಿತವೂ ಸಿಗುತ್ತೆ, ನೆಟ್ಟಗೂ ಹೋಗುತ್ತೆ. 1995ರ ಇಂಟೆಗ್ರಾ ಜಿಎಸ್-ಆರ್ ತಂದೆ, 3,200 ಡಾಲರ್. 1.8 ಲೀಟರ್ ಎಂಜಿನ್, ಎಂಜಿನ್ ಗಾತ್ರದ ಮೇಲೆ ಮಾಡಿದ ವರ್ಗಗಳಲ್ಲಿ 2 ಲೀಟರ್ ಒಳಗಿನ ಜಿ ಕ್ಲಾಸಿಗೆ ಸರಿ. ಅದಕ್ಕಿಂತ ನುಣುಪಾದ ಕಾರುಗಳಿವೆ. ಮೊದಲ ತಲೆಮಾರಿನ ಹೋಂಡಾ ಇನ್‌ಸೈಟ್‌ನ ಗಾಳಿ ಅಂಕ (ಕಮ್ಮಿ ಇದ್ದಷ್ಟೂ ಗಾಳಿ ತಡೆಯುವುದು ಕಮ್ಮಿ) 0.25, ನನ್ನದು 0.32. ಆದರೆ ಇಂಟೆಗ್ರಾದ ಬಿಡಿಭಾಗ ಗುಜರಿಯಲ್ಲಿ ಕೇಳಿದಷ್ಟು ಸಿಗುತ್ತೆ, ಎಂಜಿನ್ ಕಣ್ಣು ಮುಚ್ಚಿ ಬಿಚ್ಚುತ್ತೇನೆ. ಕಾರು ಆರಿಸುವಾಗ ನಾನು ಕೇಳಿಕೊಂಡ ಪ್ರಶ್ನೆ ಒಂದೇ. ಉಪ್ಪಿನ ಬಯಲ ಪಕ್ಕದ ಊರು ವೆಂಡೋವರ್‌ನಲ್ಲಿ ರಾತ್ರಿ ಒಂಬತ್ತಕ್ಕೆ ಏನಾದರೂ ಮುರಿದರೆ ಬೆಳಿಗ್ಗೆಯೊಳಗೆ ಸರಿ ಮಾಡೋಕಾಗುತ್ತಾ?

2021ರಲ್ಲಿ ಬ್ಯಾಲಸ್ಟ್ ಇಲ್ಲದೆ ಬಾನ್‌ವಿಲ್‌ಗೆ ಹೋದೆ. 136 ಬಂತು. ಬೇಸರ ಅದಲ್ಲ. ಎಂಜಿನ್ ಸುತ್ತಿನ (ಆರ್‌ಪಿಎಂ) ಲೆಕ್ಕದಲ್ಲಿ ಚಕ್ರ 151ರಲ್ಲಿ ತಿರುಗುತ್ತಿತ್ತು, ಜಿಪಿಎಸ್ ಪ್ರಕಾರ ಕಾರು 136ರಲ್ಲಿ ಹೋಗುತ್ತಿತ್ತು. ಹತ್ತು ಪರ್ಸೆಂಟ್ ಜಾರಿಕೆ! ನಾಲ್ಕನೇ ಗೇರಿನಲ್ಲಿ ಪೂರ್ತಿ ತುಳಿಯೋಕೇ ಆಗಲಿಲ್ಲ, ತುಳಿದರೆ ಸ್ಟಿಯರಿಂಗ್ ಬೆಣ್ಣೆಯ ಹಾಗೆ ಹಗುರಾಗುತ್ತಿತ್ತು. ಕಾರು ನಿಲ್ಲಿಸಿ ಸಜ್ಜು ಮಾಡುವ ಪಕ್ಕದ ಪಿಟ್‌ನಲ್ಲಿ ಒಬ್ಬರು ಹಿರಿಯರು, ಎಷ್ಟೋ ವರ್ಷದಿಂದ ಉಪ್ಪಿಗೆ ಬರುವವರು. ಮೂತಿಗೆ ಸೀಸ ಹಾಕುತ್ತೇನೆ ಅಂದೆ. ಉಪ್ಪು ಮೊದಲೇ ಚಕ್ರ ಎಳೆಯುತ್ತೆ, ಇನ್ನಷ್ಟು ತೂಕ ಹೊತ್ತರೆ ಕುದುರೆಶಕ್ತಿ ಎಲ್ಲಿಂದ ತರ್ತೀಯ ಅಂತ ನಕ್ಕುಬಿಟ್ಟರು. ಇನ್ನೂ ಮೂರು ಜನ ತಲೆಯಾಡಿಸಿದರು.

ಅವರ ಮಾತು ಸುಳ್ಳಲ್ಲ. ನಾನೂ ಕೂತು ಲೆಕ್ಕ ಹಾಕಿದೆ. 200 ಕೆಜಿ ಜಾಸ್ತಿಯಾದರೆ ಆ ವೇಗದಲ್ಲಿ ಉಪ್ಪು ತಿನ್ನುವುದು ಸುಮಾರು 5 ಕುದುರೆಶಕ್ತಿ. ಜಾರಿಕೆ ತಿನ್ನುತ್ತಿರುವುದು 15ರ ಹತ್ತಿರ. ಐದು ಕೊಟ್ಟು ಹತ್ತು ಉಳಿಸಿದರೂ ಲಾಭವೇ ಅಲ್ವಾ?

ಇನ್ನೊಂದು ಅನುಮಾನ ಇತ್ತು, ಮೂತಿ ಮೇಲೇಳುತ್ತಿದೆಯಾ ಅಂತ. ಮುಂದಿನ ಚಕ್ರದ ಗೂಡಿನೊಳಗೆ ಒಂದು ಸಣ್ಣ ಕ್ಯಾಮೆರಾ, ಅದರ ಎದುರಿಗೆ ಶಾಕ್ ಅಬ್ಸಾರ್ಬರ್ ಪಕ್ಕ ಮಗಳ ಸ್ಕೇಲಿನ ಒಂದು ತುಂಡು ಅಂಟಿಸಿದ್ದೆ. ಮನೆಗೆ ಬಂದು ವಿಡಿಯೋ ನಿಲ್ಲಿಸಿ ನಿಲ್ಲಿಸಿ ನೋಡಿದೆ. ಉಪ್ಪಿನ ಪುಡಿ ಹಾರುವುದರ ಮಧ್ಯೆ ಸ್ಕೇಲಿನ ಗೆರೆ ಒಂದೊಂದೇ ಬಿಟ್ಟುಕೊಡುತ್ತಾ ಹೋಗುತ್ತೆ. 100 ಮೈಲಿಗೆ 8 ಮಿಮೀ, 136ಕ್ಕೆ 15 ಮಿಮೀ. ನನ್ನ ಸ್ಪ್ರಿಂಗಿಗೆ ಮಿಲಿಮೀಟರಿಗೆ ಎರಡೂ ಕಡೆ ಸೇರಿ 7 ಕೆಜಿ. ಅಂದರೆ ನೂರು ಕೆಜಿಗೂ ಜಾಸ್ತಿ ಭಾರವನ್ನು ಗಾಳಿ ಎತ್ತಿ ಹಿಡಿದಿದೆ! ನಾನು ಹಾಕಬೇಕೆಂದಿದ್ದ ಸೀಸದಲ್ಲಿ ಅರ್ಧ ಹೊಸ ಭಾರವೇ ಅಲ್ಲ, ಗಾಳಿ ಕದ್ದಿದ್ದನ್ನು ವಾಪಸ್ ಇಡುವುದು. ಆ ಹಿರಿಯರ ಲೆಕ್ಕದಲ್ಲಿ ಇದು ಇರಲಿಲ್ಲ.

2022ರಲ್ಲಿ ಬಯಲಲ್ಲಿ ಮಳೆನೀರು ನಿಂತು ಸ್ಪೀಡ್ ವೀಕೇ ರದ್ದಾಯ್ತು. 2023ಕ್ಕೆ ಗೇರ್‌ಬಾಕ್ಸ್ ಕೈಕೊಟ್ಟಿತು. ಆ ಎರಡು ವರ್ಷ ಸೀಸ ಕರಗಿಸಿದೆ.

ಸೀಸ ಸಿಗುವುದು ಸುಲಭ ಅಂದುಕೊಂಡಿದ್ದೆ. ಟೈರ್ ಅಂಗಡಿಯಿಂದ ಚಕ್ರಕ್ಕೆ ಹೊಡೆಯುವ ತೂಕಗಳನ್ನು ಬಕೆಟ್ ಲೆಕ್ಕದಲ್ಲಿ ತಂದೆ. ಕ್ಯಾಲಿಫೋರ್ನಿಯಾದಲ್ಲಿ 2010ರಿಂದ ಸೀಸದ ತೂಕ ನಿಷೇಧ, ಬಕೆಟ್‌ನಲ್ಲಿ ಮುಕ್ಕಾಲು ಪಾಲು ಸತು ಮತ್ತು ಉಕ್ಕು. ಸೀಸ 327 ಡಿಗ್ರಿಗೆ ಕರಗುತ್ತೆ, ಸತುವಿಗೆ 420 ಬೇಕು. ಉರಿ ಸಣ್ಣದಿಟ್ಟರೆ ಸತು ತೇಲುತ್ತೆ, ಬಾಚಿ ತೆಗೆಯಬಹುದು. ನಾನು ಅವಸರಕ್ಕೆ ಉರಿ ಜಾಸ್ತಿ ಮಾಡಿ ಎಲ್ಲ ಬೆರೆಸಿ ಗಂಜಿ ಮಾಡಿದೆ. ಆಮೇಲೆ ಗುಜರಿಯಲ್ಲಿ ಪೌಂಡಿಗೆ ಒಂದು ಡಾಲರ್ ಕೊಟ್ಟು ಒಳ್ಳೆ ಸೀಸ ತಂದೆ. ಎರಕಕ್ಕೆ ಬ್ರೆಡ್ ಟಿನ್. ಒಂದು ಟಿನ್ ತೊಳೆದು ಒರೆಸಿದ್ದೆ, ಪೂರ್ತಿ ಒಣಗಿರಲಿಲ್ಲ. ಸುರಿದ ತಕ್ಷಣ ಆವಿ ಸಿಡಿದು ಒಂದು ಹನಿ ಮೊಣಕೈಗೆ ಬಂತು. ಕನ್ನಡಕ ಹಾಕಿದ್ದೆ, ಬಯಲಲ್ಲಿ ಮಾಡುತ್ತಿದ್ದೆ, ಬದುಕಿದೆ. ಟಿನ್‌ಗಳು ಅಡುಗೆಮನೆಗೆ ವಾಪಸ್ ಬರಕೂಡದು, ಇಡ್ಲಿ ತಟ್ಟೆ ಮುಟ್ಟಿದರೆ ಗರಾಜಿನಲ್ಲೇ ಮಲಗಬೇಕು ಅಂತ ಹೆಂಡತಿಯ ಆರ್ಡರ್ ಆಯ್ತು.

ಒಂಬತ್ತು ಕೆಜಿಯ ಹದಿನಾರು ಗಟ್ಟಿ ಬಂತು. ಬಂಪರ್ ಬೀಮ್ ಹಿಂದೆ ಉಕ್ಕಿನ ಪ್ಲೇಟುಗಳ ಮಧ್ಯೆ ಇಟ್ಟು ಬೋಲ್ಟ್ ಬಿಗಿದೆ. ಟ್ರೈಲರ್‌ನಲ್ಲಿ ನೂರು ಮೈಲಿ ಸುಮ್ನೆ ಎಳೆದುಕೊಂಡು ಹೋಗಿ ಬಂದು ನೋಡಿದರೆ ಎಲ್ಲ ಬೋಲ್ಟ್ ಸಡಿಲ. ಸೀಸ ಮೆತ್ತಗೆ, ಒತ್ತಿದರೆ ಕೂರುತ್ತೆ. ಪ್ರತಿ ತೂತಿನೊಳಗೆ ಉಕ್ಕಿನ ಕೊಳವೆ ತುಂಡು ಕೂರಿಸಿ, ಬೋಲ್ಟ್ ಅದರ ಮೇಲೆ ಬಿಗಿಯುವ ಹಾಗೆ ಮಾಡಿದ ಮೇಲೆ ಒಂದೂ ಅಲುಗಲಿಲ್ಲ.

ಇನ್ನು ತೂಕ. ನಾಲ್ಕು ಚಕ್ರದ ತಕ್ಕಡಿ ಬಾಡಿಗೆಗೆ ತಂದೆ, 120 ಡಾಲರ್ ಇರಬೇಕು. ಮೂತಿಗೆ 140 ಚಿಲ್ಲರೆ ಹಾಕಿದರೆ ಮುಂದಿನ ತಕ್ಕಡಿ 180ರ ಹತ್ತಿರ ಏರಿತು, ಹಿಂದಿನದು 38 ಇಳಿಯಿತು. ಆಕ್ಸಲ್‌ಗಿಂತ ಮುಂದಿಟ್ಟರೆ ಸನ್ನೆಕೋಲಿನ ಬಡ್ಡಿ ಸಿಗುತ್ತೆ ಅಂತ ಗೊತ್ತಿದ್ದರೂ ಕಣ್ಣಾರೆ ನೋಡುವ ಮಜವೇ ಬೇರೆ. ಪಕ್ಕದ ಸೀಟಿನ ಕಾಲಿಡುವ ಜಾಗಕ್ಕೆ 60 ಕೆಜಿ ಪ್ಲೇಟು. ನಾನು ಕೂತ ಮೇಲೆ ಮುಂಭಾರ 62 ಪರ್ಸೆಂಟ್ ಇದ್ದದ್ದು 68 ದಾಟಿತು. ಮುಂದಿನ ಸ್ಪ್ರಿಂಗ್ ಬದಲಿಸಲೇಬೇಕಾಯ್ತು. ಯಾವುದು ಅಂತ ಮಾತ್ರ ಕೇಳಬೇಡಿ. ಟೈರಿನ ವಿಷಯವೂ ಅಷ್ಟೇ, 50 ಪಿಎಸ್‌ಐ ಗಾಳಿ ಅಂತ ಹೇಳಬಲ್ಲೆ, ಕಂಪನಿ ಹೇಳಲ್ಲ. ಅಗಲ ಟೈರಿನಲ್ಲೂ ಎಲ್ ಮಿರಾಜ್‌ನಲ್ಲಿ ಒಂದು ದಿನ ಆಟವಾಡಿದೆ, 3 ಮೈಲಿ ಕಮ್ಮಿ ಬಂತು, 600 ಡಾಲರ್ ಮಣ್ಣುಪಾಲು.

2024ರ ಆಗಸ್ಟ್. ಕ್ಯಾಲಿಫೋರ್ನಿಯಾದ ಅರ್ವೈನ್‌ನಿಂದ ಈಲಿ ಅನ್ನುವ ಊರಿನ ಮೇಲೆ ವೆಂಡೋವರ್‌ಗೆ 620 ಮೈಲಿ. ತಪಾಸಣೆಯಲ್ಲಿ ಬಗ್ಗಿ ಬಗ್ಗಿ ನೋಡಿ ಬೋಲ್ಟ್ ಎಳೆದರು, ಪಾಸ್. ಮೊದಲ ಓಟ 139, ಹೆದರಿಕೆಗೆ ಕಾಲು ಮುಂದೆ ಹೋಗಲಿಲ್ಲ. ಎರಡನೆಯದರಲ್ಲಿ ನಾಲ್ಕನೇ ಗೇರಿನಲ್ಲಿ ಪೂರ್ತಿ ತುಳಿದೆ. ಸ್ಟಿಯರಿಂಗ್ ಕೈಯಲ್ಲಿ ಭಾರವಾಗಿ ಕೂತಿತ್ತು. ಐದಕ್ಕೆ ಹಾಕಿದೆ, ಅದೇ ಭಾರ. ಸಮುದ್ರಮಟ್ಟದಿಂದ 4,200 ಅಡಿ ಮೇಲೆ, ಮಧ್ಯಾಹ್ನದ ಬಿಸಿ ಗಾಳಿಯಲ್ಲಿ ಎಂಜಿನ್ ಏದುಸಿರು ಬಿಡುತ್ತಿತ್ತು, ಆದರೂ 147 ಚಿಲ್ಲರೆ. ಜಾರಿಕೆ 4 ಪರ್ಸೆಂಟ್. ಎಂಜಿನ್ನಿಗೆ ಹಾಕಿದ ಹೊಸ ಕ್ಯಾಮ್‌ಶಾಫ್ಟ್‌ನ ಪಾಲು ಒಂದೆರಡು ಮೈಲಿ ಇರಬಹುದು, ಮಿಕ್ಕಿದ್ದು ಸೀಸದ್ದೇ. ಕೊನೆಯ ಗುರುತು ದಾಟಿ ಬೇಕಂತಲೇ ಕಾಲು ಪಟ್ಟನೆ ತೆಗೆದೆ, 2019ರಲ್ಲಿ ತೆಗೆದ ಹಾಗೆಯೇ. ಕಾರು ಒಂದಿಂಚು ಅಲುಗಲಿಲ್ಲ.

ಸಂಜೆ ಕಾರಿನಡಿ ಉಪ್ಪು ಕೆರೆಯುತ್ತಿದ್ದಾಗ ಆ ಹಿರಿಯರು ಬಂದರು. ಮಂಡಿಯೂರಿ ಕೂತು ಬಂಪರ್ ಹಿಂದೆ ಟಾರ್ಚ್ ಬಿಟ್ಟು ನೋಡಿದರು. ಕೊಳವೆ ತುಂಡಿನ ಮೇಲೆ ಬೆರಳಾಡಿಸಿ ತಲೆದೂಗಿದರು. ಎಷ್ಟು ಹಾಕಿದ್ದೀಯ ಅಂತ ಕೇಳಿದರು. ಇಪ್ಪತ್ತು ಕೆಜಿ ಕಮ್ಮಿ ಹೇಳಿದೆ.