ಗ್ಯಾಸ್ ನಿಮ್ಮ ಹೆಸರಲ್ಲಿದೆ ಸರಿ, ಫೋನ್ ನಂಬರ್ ಯಾರದ್ದು?

ಮೊದಲು ಗ್ಯಾಸ್ ಬುಕ್ ತೆಗೆದು ನೋಡಿ. ಉಜ್ವಲ ಯೋಜನೆಯದ್ದಾದರೆ ಹೆಸರು ನಿಮ್ಮದೇ ಇರುತ್ತದೆ, 2016ರಲ್ಲಿ ಶುರುವಾದಾಗಿನಿಂದ ಕನೆಕ್ಷನ್ ಕೊಡುವುದೇ ಹೆಂಗಸರ ಹೆಸರಿಗೆ. ಆದರೆ ಫೋನ್ ನಂಬರ್? ನಮ್ಮ ಸೊಸೆಯ ಬುಕ್ಕಿಗೆ ಮಗನ ನಂಬರ್ ಕೊಟ್ಟಿದ್ದೆವು. ಅವನು ಬೆಂಗಳೂರಿನಲ್ಲಿ ಕೆಲಸ ಮಾಡುತ್ತಾನೆ. ಸಿಲಿಂಡರ್ ತಂದ ಹುಡುಗ ಬಾಗಿಲಲ್ಲಿ ನಿಂತು ಕೋಡ್ ಹೇಳಿ ಅಂದ, ಕೋಡ್ ಹೋಗಿದ್ದು ಮಗನ ಫೋನಿಗೆ, ಅವನು ಶಿಫ್ಟಿನಲ್ಲಿದ್ದ, ಎತ್ತಲೇ ಇಲ್ಲ. ಬಂದ ಸಿಲಿಂಡರ್ ವಾಪಸ್ ಹೋಯಿತು. ನಾಲ್ಕು ದಿನ ಮತ್ತೆ ಊದುಗೊಳವೆ, ಹೊಗೆ, ಕೆಂಡದಂಥ ಕಣ್ಣು. ಆಮೇಲೆ ಆಧಾರ್, ಬುಕ್ ಹಿಡಿದು ಏಜೆನ್ಸಿಗೆ ಹೋಗಿ ಸೊಸೆಯ ನಂಬರನ್ನೇ ಹಾಕಿಸಿದೆವು. ಈಗ ಯಾವಾಗ ಬುಕ್ ಮಾಡಬೇಕು ಅನ್ನುವುದು ಅವಳ ಲೆಕ್ಕ.

ಇನ್ನು ದುಡ್ಡು. ಖಾಲಿಯಾದ ಮೇಲೆ ಯಜಮಾನರ ಹತ್ತಿರ ಕೇಳಲು ಹೋಗಬೇಡಿ, ಆಗ ಅವರ ಜೇಬೂ ಖಾಲಿ ಇರುತ್ತದೆ. ಸೌದೆ ಪುಕ್ಕಟೆ ಅಲ್ವಾ ಅನ್ನುತ್ತಾರೆ, ಹೊತ್ತು ತರುವವರು ಅವರಲ್ಲವಲ್ಲ! ಹೊಸ ಸಿಲಿಂಡರ್ ಹಚ್ಚಿದ ದಿನವೇ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ನಮ್ಮ ಮನೆಗೆ ಸುಮಾರು 45 ದಿನ ಬರುತ್ತದೆ, ದಿನಕ್ಕೆ 20 ರೂಪಾಯಿ ಅಂತ ಇಟ್ಟರೂ 900 ಆಯಿತು. ನಾವು ವಾರದ ಡೈರಿ ಬಟವಾಡೆಯಲ್ಲೇ ಆ ಲೆಕ್ಕ ಎತ್ತಿ ಸಾಸಿವೆ ಡಬ್ಬಿಗೆ ಹಾಕಿಬಿಡುತ್ತೇವೆ. ಗೃಹಲಕ್ಷ್ಮಿ 2000 ಬರುವವರು ಅದರಿಂದಲೇ ತೆಗೆದಿಡಬಹುದು. ಸಬ್ಸಿಡಿ ನಂಬಿ ಕೂರಬೇಡಿ, ಮೊದಲು ಪೂರ್ತಿ ಬೆಲೆ ಕೊಡಬೇಕು, ಅದು ಖಾತೆಗೆ ಬರುವುದು ಆಮೇಲೆ. ಅಷ್ಟು ದುಡ್ಡು ಒಟ್ಟಿಗೆ ಹೊಂದಿಸುವುದು ಕಷ್ಟವಾದರೆ 5 ಕಿಲೋ ಸಿಲಿಂಡರ್ ಕೂಡ ಇದೆ, ಏಜೆನ್ಸಿಯಲ್ಲಿ ಕೇಳಿ.

ಸಿಲಿಂಡರ್ ಬಂದಾಗ ಸುಮ್ನೆ ಒಳಗೆ ಉರುಳಿಸಿಕೊಳ್ಳಬೇಡಿ. ತೂಗಿಸಿ. ದೊಡ್ಡ ಸಿಲಿಂಡರ್ ಆದರೆ ಮೇಲೆ ಬರೆದಿರುವ ಖಾಲಿ ತೂಕಕ್ಕೆ 14.2 ಕಿಲೋ ಸೇರಿಸಿದಷ್ಟು ಇರಬೇಕು. ಕೇಳಲು ನಾಚಿಕೆ ಯಾಕೆ, ದುಡ್ಡು ನಿಮ್ಮದು. ವಾಸನೆ ಬಂದರೆ ಸ್ವಿಚ್ ಮುಟ್ಟದೆ ರೆಗ್ಯುಲೇಟರ್ ಆಫ್ ಮಾಡಿ, ಕಿಟಕಿ ಬಾಗಿಲು ತೆಗೆದು, ಹೊರಗೆ ಬಂದು 1906ಕ್ಕೆ ಫೋನ್ ಮಾಡಿ.

ಒಂದು ಮಾತು ಒಪ್ಪಿಕೊಳ್ಳಬೇಕು. ನಮ್ಮ ಮನೆಯಲ್ಲಿ ಗ್ಯಾಸ್ ಬೇಡ ಅಂದವಳು ನಾನೇ, ಗಂಡಸರಲ್ಲ. ಒಲೆ ಮೇಲಿನ ಮುದ್ದೆ ರುಚಿಯೇ ಬೇರೆ ಅಂತ ಹಠ ಹಿಡಿದಿದ್ದೆ. ಸೊಸೆ ಜಗಳ ಆಡಲಿಲ್ಲ. ಬಸುರಿಯಾಗಿದ್ದಾಗ ಒಂದು ದಿನ ಹೊಗೆಗೆ ಕೆಮ್ಮುತ್ತಾ ಅಡುಗೆಮನೆಯಿಂದ ಹೊರಗೆ ಬಂದು ಜಗಲಿ ಮೇಲೆ ಕೂತುಬಿಟ್ಟಳು, ಅಷ್ಟೇ. ಈಗ ಮುದ್ದೆಯೂ ಗ್ಯಾಸಿನ ಮೇಲೇ. ಹಿಟ್ಟು ಚೆನ್ನಾಗಿ ಬೇಯಿಸಿ ತಿರುವಿದರೆ ನನಗಂತೂ ವ್ಯತ್ಯಾಸ ಗೊತ್ತಾಗುವುದಿಲ್ಲ.

ಹಿತ್ತಲಿನ ಹಂಡೆ ಒಲೆ ಮಾತ್ರ ಇನ್ನೂ ಇದೆ, ಸ್ನಾನದ ನೀರಿಗೆ. ಅದರ ಸೌದೆ ಮಗ ಊರಿಗೆ ಬಂದಾಗ ಒಡೆದಿಟ್ಟು ಹೋಗುತ್ತಾನೆ.