ಬೌಂಡ್ ಅಂದ್ರೆ ಬರೀ ಗಡಿ ಅಲ್ಲ, ಅರ್ಥ ಹಿಡಿಯೋದು ಹೀಗೆ

ವಿರಾಜಪೇಟೇಲಿ ಪಿಯುಸಿ ಓದ್ತಿರೋ ಅಕ್ಕನ ಮಗ ‘ಮೈಸೂರು ಬೌಂಡ್ ಬಸ್’ ಅನ್ನೋದಕ್ಕೆ ಪೆನ್ಸಿಲಲ್ಲಿ ‘ಮೈಸೂರು ಗಡಿ ಬಸ್ಸು’ ಅಂತ ಬರ್ಕೊಂಡು, ಮತ್ತೆ ಅವನೇ ಅದನ್ನ ಒರೆಸಿ, ಮಾವ ಬಸ್ಸಿಗೆಂಥ ಗಡಿ ಅಂತ ಕೇಳ್ದ. ಒಳ್ಳೆ ಪ್ರಶ್ನೆ. ಇಂಗ್ಲಿಷಲ್ಲಿ ಬೌಂಡ್ ಒಂದು ಪದ ಅಲ್ಲ, ಬೇರೆ ಬೇರೆ ಕಡೆಯಿಂದ ಬಂದು ಒಂದೇ ಸ್ಪೆಲ್ಲಿಂಗಲ್ಲಿ ಕೂತಿರೋ ನಾಲ್ಕು ಪದ.

ಗಡಿ ಅನ್ನೋ ಬೌಂಡ್ ಹಳೇ ಫ್ರೆಂಚಿಂದ ಬಂದಿದ್ದು. ನಮ್ಮ ತೋಟಗಳ ನಡುವೆ ಹಾದುಹೋಗೋ ಕಡಂಗ ನೋಡಿದ್ದೀರಲ್ಲ, ಹಿಂದಿನವರು ತೋಡಿದ ಆಳದ ಕಂದಕ, ಪಕ್ಕದಲ್ಲಿ ಮಣ್ಣಿನ ದಿಬ್ಬ, ಅದನ್ನ ಮನಸ್ಸಲ್ಲಿ ಇಟ್ಕೊಳ್ಳಿ. ಅದ್ರಾಚೆ ಮಕ್ಕಳು ಹೋಗಬಾರದು ಅಂದ್ರೆ ಆ ಕಡೆ ‘ಔಟ್ ಆಫ್ ಬೌಂಡ್ಸ್’. ಗಾಲ್ಫಲ್ಲೂ ಹಾಗೇ, ಬಿಳಿ ಗೂಟ ನೆಟ್ಟ ಗೆರೆ ದಾಟಿ ಚೆಂಡು ಬಿದ್ರೆ ಒಂದು ಸ್ಟ್ರೋಕ್ ಅಂದ್ರೆ ಒಂದು ಹೊಡೆತ ದಂಡ, ಮೊದಲು ಹೊಡೆದ ಜಾಗದಿಂದಲೇ ಮತ್ತೆ ಹೊಡೀಬೇಕು. ಈ ಅರ್ಥದಲ್ಲಿ ಕೊನೇಗೆ ಸಾಮಾನ್ಯವಾಗಿ ‘ಸ್’ ಇರುತ್ತೆ. ‘ಜಾಯ್ ನ್ಯೂ ನೋ ಬೌಂಡ್ಸ್’ ಅಂದ್ರೆ ಖುಷಿಗೆ ಮೇರೆಯೇ ಇರಲಿಲ್ಲ, ನಾವೂ ಹಾಗೇ ಅಂತೀವಲ್ಲ.

ಆದ್ರೆ ‘ಲೀಪ್ಸ್ ಅಂಡ್ ಬೌಂಡ್ಸ್’ ನೋಡಿ ಮೋಸ ಹೋಗ್ಬೇಡಿ, ಅದು ಎರಡನೇ ಬೌಂಡ್, ಅರ್ಥ ನೆಗೆತ. ದಾಪುಗಾಲು ಹಾಕಿ ಬೆಳೆಯೋದು ಅಂತ.

ಮೂರನೇದು ಬೈಂಡ್ ಅನ್ನೋದರ ಭೂತಕಾಲ, ಕಟ್ಟಿದ್ದು. ಇದರಲ್ಲಿ ‘ಬೌಂಡ್ ಟು’ ನನಗೆ ತುಂಬಾ ಇಷ್ಟ, ಯಾಕಂದ್ರೆ ಇದಕ್ಕೆ ಕನ್ನಡದಲ್ಲಿ ಅಚ್ಚುಕಟ್ಟಾದ ಜೋಡಿ ಇದೆ. ಜುಲೈಲಿ ಭಾಗಮಂಡಲಕ್ಕೆ ಹೊರಟವರಿಗೆ ‘ಇಟ್ ಈಸ್ ಬೌಂಡ್ ಟು ರೇನ್’ ಅಂದ್ರೆ ‘ಮಳೆ ಬಂದೇ ಬರುತ್ತೆ’ ಅಷ್ಟೇ, ‘ಮಳೆ ಬರಲು ಬದ್ಧವಾಗಿದೆ’ ಅಂತ ಬರೀಬೇಡಿ, ಓದೋಕೇ ಆಗಲ್ಲ. ಮನುಷ್ಯರು ಕಾನೂನಿಗೋ ಮಾತಿಗೋ ಕಟ್ಟುಬಿದ್ದಾಗ ಮಾತ್ರ ಬದ್ಧ ಸರಿ.

ಇನ್ನು ಬಸ್ಸಿನ ಬೌಂಡ್. ಇದರ ಮೂಲ ಹಳೇ ನಾರ್ಸ್, ಅಂದ್ರೆ ಸ್ಕ್ಯಾಂಡಿನೇವಿಯಾದ ಹಿಂದಿನ ಭಾಷೆ, ಅಲ್ಲಿ ಅರ್ಥ ‘ತಯಾರಾಗಿರೋದು’, ಆಮೇಲೆ ‘ಹೊರಟಿರೋದು’ ಅಂತ ಆಯ್ತು. ‘ಬೌಂಡ್ ಫಾರ್ ಮಡಿಕೇರಿ’ ಅಂದ್ರೆ ಮಡಿಕೇರಿಗೆ ಹೊರಟಿರೋದು. ಊರಿನ ಹೆಸರೋ ದಿಕ್ಕೋ ಮುಂದೆ ಅಂಟಿದ್ರೆ ಹೆಚ್ಚಾಗಿ ಇದೇ ಅರ್ಥ. ಆದ್ರೆ ಮೊಣಕಾಲು ನೋವಿಗೆ ಹೊರಗೆ ಕಾಲಿಡೋಕಾಗದೆ ಕೂತಿರೋ ಅಜ್ಜಿ ‘ಹೌಸ್‌ಬೌಂಡ್’, ಅದು ಕಟ್ಟಿಹಾಕಿದ ಬೌಂಡ್. ‘ಹೋಮ್‌ಬೌಂಡ್’ ಅಂತ ಬಂದ್ರೆ ಮಾತ್ರ ಹುಷಾರು, ಮನೆ ಕಡೆ ಹೊರಟವರಿಗೂ ಹೇಳ್ತಾರೆ ಮನೇಲೇ ಉಳಿದವರಿಗೂ ಹೇಳ್ತಾರೆ, ಹಿಂದಿನ ಮುಂದಿನ ವಾಕ್ಯ ಓದಿಯೇ ಅರ್ಥ ಬರೀರಿ.